ತಕ್ಕಡಿಗೂ ಕಪಾಟಿಗೂ ನಡುವೆ

ಹಳೆ ಪುಸ್ತಕದಂಗಡಿಗೆ ಬೆಳಿಗ್ಗೆ ಬರುವ ಮೊದಲಿಗ ಬಹುತೇಕ ಪುಸ್ತಕ ಕೊಳ್ಳುವವನಲ್ಲ, ಮಾರುವವನು. ಷಟರ್ ಮೇಲೇಳುವ ಹೊತ್ತಿಗೆ ಗುಜರಿಯವನು ಎರಡು ಗೋಣಿಚೀಲ ತಂದು ಮೆಟ್ಟಿಲ ಮೇಲೆ ಸುರಿದಿರುತ್ತಾನೆ. ಅದರಲ್ಲಿ ಪಿಯುಸಿ ಗೈಡು, ಅರ್ಧ ಬರೆದ ನೋಟ್‌ಬುಕ್ಕು, ಎಂದೋ ಮರೆಯಾದ ಕಂಪ್ಯೂಟರ್ ಭಾಷೆಯ ಕೈಪಿಡಿ, ಹೋದ ವರ್ಷದ ಪಂಚಾಂಗ, ಯಾರದೋ ಮದುವೆಯ ಕರೆಯೋಲೆ. ನಡುವೆ ಎಲ್ಲೋ ರಟ್ಟು ಕಿತ್ತ ಒಂದು ಕನ್ನಡ ಕಾದಂಬರಿ. ಅಂಗಡಿಯವರು ಕುಕ್ಕರಗಾಲಲ್ಲಿ ಕುಳಿತು ಆರಿಸತೊಡಗುತ್ತಾರೆ. ಅರ್ಧ ಗಂಟೆಯಲ್ಲಿ ಚೀಲ ಎರಡು ಪಾಲಾಗುತ್ತದೆ: ಸಣ್ಣದು ಕಪಾಟಿಗೆ, ದೊಡ್ಡದು ಮತ್ತೆ ಗುಜರಿಗೆ, ಅಲ್ಲಿಂದ ಕಾಗದದ ಗಿರಣಿಗೆ.

ಹೊಸ ಪುಸ್ತಕದ ವ್ಯಾಪಾರಿಗೆ ಪ್ರಕಾಶಕರ ಪಟ್ಟಿ ಇರುತ್ತದೆ. ಒಂದು ಪುಸ್ತಕ ಖರ್ಚಾದರೆ ಇನ್ನೊಂದು ಪ್ರತಿ ತರಿಸಬಹುದು, ಖರ್ಚಾಗದಿದ್ದರೆ ಎಷ್ಟೋ ಸಲ ಹಿಂದಿರುಗಿಸಬಹುದು. ಹಳೆ ಪುಸ್ತಕದವರಿಗೆ ಈ ಅನುಕೂಲಗಳಿಲ್ಲ. ಇಂದು ಬೇಕೆಂದು ಕೇಳಿದ್ದು ನಾಳೆ ಸಿಗಬಹುದು, ಹತ್ತು ವರ್ಷ ಸಿಗದೆಯೂ ಇರಬಹುದು. ಆದ್ದರಿಂದಲೇ ಈ ಅಂಗಡಿ ನಿಂತಿರುವುದು ಮಾರಾಟದ ಜಾಣತನದ ಮೇಲಲ್ಲ, ಖರೀದಿಯ ಮೇಲೆ. ದಿನದ ಬಹುಪಾಲು ಕೆಲಸ ಗಲ್ಲಾಪೆಟ್ಟಿಗೆಯ ಬಳಿ ಅಲ್ಲ, ದೂಳಿನಲ್ಲಿ.

ರದ್ದಿಯ ಲೆಕ್ಕ ಕ್ರೂರವಾದದ್ದು. ಇನ್ನೂರು ಪುಟಗಳ ಕ್ರೌನ್ ಆಕಾರದ ಕಾದಂಬರಿ ಇನ್ನೂರು ಗ್ರಾಂ ಆಸುಪಾಸು ತೂಗುತ್ತದೆ. ಕಿಲೋಗೆ ಹತ್ತೋ ಹದಿನೈದೋ ರೂಪಾಯಿ ಎಂದರೂ ತಕ್ಕಡಿಯಲ್ಲಿ ಅದರ ಬೆಲೆ ಎರಡು ಮೂರು ರೂಪಾಯಿ ಮಾತ್ರ. ಬರೆದವರು ಯಾರು, ಎಷ್ಟನೆಯ ಮುದ್ರಣ, ಇನ್ನೊಂದು ಪ್ರತಿ ಎಲ್ಲಾದರೂ ಇದೆಯೇ ಎಂದು ತಕ್ಕಡಿ ಕೇಳುವುದಿಲ್ಲ. ಕೇಳುವವರು ಈ ಅಂಗಡಿಯವರೊಬ್ಬರೇ.

ಕನ್ನಡದ ಮಟ್ಟಿಗೆ ಈ ಪ್ರಶ್ನೆ ಸಣ್ಣದಲ್ಲ. ಹಳೆಯ ಪುಸ್ತಕಗಳ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ‘ಪ್ರತಿಗಳು: 1000’ ಎಂದು ಅಚ್ಚಾಗಿರುವುದನ್ನು ಓದುಗರು ಕಂಡಿರಬಹುದು. ಆ ಸಾವಿರದಲ್ಲಿ ಗ್ರಂಥಾಲಯಗಳಿಗೆ ಹೋದವು ಎಷ್ಟೋ, ಗೆದ್ದಲು ತಿಂದವು ಎಷ್ಟೋ. ಅಚ್ಚಾದ ಪ್ರತಿ ಪುಸ್ತಕದ ಪ್ರತಿಗಳನ್ನು ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಪ್ರಕಾಶಕರು ಕಳಿಸಲೇಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಆದರೆ ಊರ ಜಾತ್ರೆಯ ಸ್ಮರಣ ಸಂಚಿಕೆ, ನಾಟಕ ಕಂಪನಿಯ ಹಾಡಿನ ಪುಸ್ತಿಕೆ, ಶಾಲಾ ಮಾಸ್ತರರೊಬ್ಬರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಕವನ ಸಂಕಲನ ಇವನ್ನೆಲ್ಲ ಕಳಿಸಿದವರು ಎಷ್ಟು ಮಂದಿ? ಇಂಥವು ಉಳಿಯುವುದೂ ಅಳಿಯುವುದೂ ಆ ಮೆಟ್ಟಿಲ ಮೇಲಿನ ಅರ್ಧ ಗಂಟೆಯಲ್ಲೇ ತೀರ್ಮಾನವಾಗುತ್ತದೆ.

ಗುಜರಿಯ ಚೀಲಕ್ಕಿಂತ ಕಷ್ಟದ ಖರೀದಿ ಮನೆಗಳದು. ಓದಿನ ಗೀಳಿದ್ದ ಹಿರಿಯರು ತೀರಿಕೊಂಡು ತಿಂಗಳೊಪ್ಪತ್ತಾದ ಮೇಲೆ ಮಗನೋ ಸೊಸೆಯೋ ಫೋನು ಮಾಡುತ್ತಾರೆ. ಮನೆ ಮಾರುವುದಿದೆ, ಇಲ್ಲವೇ ಫ್ಲಾಟಿಗೆ ಹೋಗುವುದಿದೆ, ‘ಅಪ್ಪಾಜಿಯ ಪುಸ್ತಕ’ಗಳಿಗೆ ಅಲ್ಲಿ ಜಾಗವಿಲ್ಲ. ಅಂಗಡಿಯವರು ಹೋದಾಗ ಮೊದಲು ತೋರಿಸುವುದು ಗಾಜಿನ ಬೀರುವಿನಲ್ಲಿ ಚಿನ್ನದ ಅಕ್ಷರಗಳಿಂದ ಹೊಳೆಯುವ ಇಂಗ್ಲಿಷ್ ವಿಶ್ವಕೋಶದ ಸಂಪುಟಗಳನ್ನು. ಅಂದು ಕಂತಿನಲ್ಲಿ ದುಡ್ಡು ಕಟ್ಟಿ ಕೊಂಡದ್ದು. ಅವಕ್ಕೆ ಈಗ ಗಿರಾಕಿಯಿಲ್ಲ. ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾ ತಾನೇ 2012ರಲ್ಲಿ ಮುದ್ರಣ ಕೈಬಿಟ್ಟಿತು. ಈ ಮಾತನ್ನು ದುಃಖದಲ್ಲಿರುವ ಮನೆಯವರಿಗೆ ಹೇಗೆ ಹೇಳುವುದು? ಅತ್ತ ಮಂಚದ ಕೆಳಗಿನ ಟ್ರಂಕಿನಲ್ಲಿ, ‘ಅದು ರದ್ದಿ ಬಿಡಿ’ ಎಂದು ಅವರೇ ತಳ್ಳಿಹಾಕಿದ ಕಟ್ಟಿನಲ್ಲಿ, 1919ರಲ್ಲಿ ಆರಂಭವಾದ ‘ಪ್ರಬುದ್ಧ ಕರ್ಣಾಟಕ’ದ ಹಳೆಯ ಸಂಚಿಕೆಗಳೋ, ಧಾರವಾಡದ ಮನೋಹರ ಗ್ರಂಥಮಾಲೆ ಮೊದಮೊದಲು ಹೊರತಂದ ಪುಸ್ತಕಗಳೋ ಇರಬಹುದು.

ಇಲ್ಲಿ ವ್ಯಾಪಾರಿಯ ಮನಸ್ಸಾಕ್ಷಿಯ ಪರೀಕ್ಷೆ. ಸುಮ್ಮನೆ ಎಲ್ಲವನ್ನೂ ಒಟ್ಟು ತೂಕಕ್ಕೆ ಹಾಕಿಕೊಂಡು ಬರಬಹುದು. ಬೆಲೆಯುಳ್ಳದ್ದನ್ನು ಬೇರೆ ತೆಗೆದು, ಇದಕ್ಕೆ ಇಷ್ಟು ಎಂದು ಹೇಳಲೂಬಹುದು. ಎರಡನೆಯದನ್ನು ಮಾಡುವವರಿಗೆ ಆ ಹೊತ್ತಿಗೆ ನಷ್ಟ. ಆದರೆ ಅದೇ ಬೀದಿಯ ಇನ್ನೊಂದು ಮನೆಯಿಂದ ಮುಂದೆ ಕರೆ ಬರುವುದು ಅವರಿಗೇ.

ಎಲ್ಲ ಹಳೆಯದೂ ಅಪರೂಪವಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಕಿಟೆಲ್ ನಿಘಂಟಿನ ಮೂಲ ಪ್ರತಿ ಬೇರೆ, ಅದನ್ನೇ ಫೋಟೊ ತೆಗೆದು ಮರುಮುದ್ರಿಸಿದ ಪ್ರತಿ ಬೇರೆ. ಒಳಗಿನ ಪುಟಗಳು ಒಂದೇ, ಬೆಲೆ ಮಾತ್ರ ಅಜಗಜಾಂತರ. ಪುಸ್ತಕಕ್ಕೆ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್, ಪ್ರಮಾಣಿತ ಪದ್ಧತಿಯಾದದ್ದು 1970ರಲ್ಲಿ. ಅದಕ್ಕಿಂತ ಹಿಂದಿನದಕ್ಕೆ ಮೊಬೈಲಿನಲ್ಲಿ ಸಂಖ್ಯೆ ಒತ್ತಿ ಬೆಲೆ ನೋಡುವ ಸುಲಭ ದಾರಿಯಿಲ್ಲ. ಕಾಗದ ಮುಟ್ಟಿ, ಅಚ್ಚು ಮೊಳೆಯ ಆಕಾರ ನೋಡಿ, ಮುದ್ರಣಾಲಯದ ಹೆಸರು ಓದಿ ಅಂದಾಜು ಮಾಡಬೇಕು. ಆಮೇಲೆ ಮೊದಲ ಹಾಳೆಯ ಮೂಲೆಯಲ್ಲಿ ಬೆಲೆ ಬರೆಯುವುದು ಪೆನ್ಸಿಲಿನಲ್ಲಿ, ಪೆನ್ನಿನಲ್ಲಲ್ಲ. ನಾಳೆ ಅಳಿಸಿ ಇಳಿಸಬೇಕಾಗಬಹುದಲ್ಲ!

ಮುದ್ರೆಗಳನ್ನೂ ಓದಬೇಕಾಗುತ್ತದೆ. ಬಡಾವಣೆಗೊಂದರಂತೆ ಇದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಟಿ.ವಿ. ಬಂದ ಮೇಲೆ ಒಂದೊಂದಾಗಿ ಮುಚ್ಚಿದಾಗ, ದಪ್ಪ ರಟ್ಟಿನ ಬೈಂಡು ಹಾಕಿದ ಅನಕೃ, ತ್ರಿವೇಣಿ ಕಾದಂಬರಿಗಳು ರಾಶಿ ರಾಶಿಯಾಗಿ ಹಳೆ ಪುಸ್ತಕದಂಗಡಿ ಸೇರಿದವು. ಅವುಗಳ ನೇರಳೆ ಮುದ್ರೆ ನಿರುಪದ್ರವಿ. ಆದರೆ ಕಾಲೇಜಿನ ಇಲ್ಲವೇ ಸರ್ಕಾರಿ ಗ್ರಂಥಾಲಯದ ಮುದ್ರೆಯಿದ್ದು, ವಿಲೇವಾರಿಯ ಗುರುತು ಇಲ್ಲದಿದ್ದರೆ ಅದು ಕದ್ದ ಮಾಲಾಗಿರಬಹುದು. ಅಂಥದ್ದನ್ನು ಮುಟ್ಟದಿರುವುದೇ ಕ್ಷೇಮ. ಉಳಿದಂತೆ, ನ್ಯಾಯವಾಗಿ ಕೊಂಡ ಪುಸ್ತಕವನ್ನು ಮತ್ತೆ ಮಾರಲು ಯಾರ ಅಪ್ಪಣೆಯೂ ಬೇಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಈಗಾಗಲೇ ಚಲಾವಣೆಯಲ್ಲಿರುವ ಪ್ರತಿಗಳನ್ನು ಲೇಖಕರ ಹಕ್ಕಿನಿಂದ ಹೊರಗಿಟ್ಟಿದೆ. ಹೀಗಾಗಿ ಲೇಖಕರಿಗೆ ಈ ಮಾರಾಟದಿಂದ ಒಂದು ಪೈಸೆಯೂ ಬಾರದು. ಹಾಗೆಂದು ಅವರು ದೂರುವುದೂ ಕಡಿಮೆ, ಅನೇಕ ಲೇಖಕರೇ ಇಲ್ಲಿನ ಕಾಯಂ ಗಿರಾಕಿಗಳು!

ಅವೆನ್ಯೂ ರಸ್ತೆಯ ಕತೆ ಬೇರೆ. ಅಲ್ಲಿ ಆಳುವುದು ಪಠ್ಯಪುಸ್ತಕ. ಶಾಲೆ ಕಾಲೇಜು ಶುರುವಾಗುವ ದಿನಗಳಲ್ಲಿ ಮಾತಾಡಲು ಪುರುಸೊತ್ತಿಲ್ಲ. ಆದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2018ರ ಸ್ಕೀಮಿನಿಂದ 2022ರ ಸ್ಕೀಮಿಗೆ ಹೊರಳಿದಂತೆ, ಪಠ್ಯಕ್ರಮ ಬದಲಾದಾಗಲೆಲ್ಲ ಹಳೆಯ ಸಿಲಬಸ್ಸಿಗೆಂದೇ ಬರೆದ ಪುಸ್ತಕಗಳ ದಾಸ್ತಾನು ನೇರ ತಕ್ಕಡಿಗೆ.

ಬೆಂಗಳೂರಿನಲ್ಲಿ ಈ ಕಸುಬಿಗೆ ಗೌರವದ ಚರಿತ್ರೆಯಿದೆ. 1945ರಲ್ಲಿ ಕೆ.ಬಿ.ಕೆ. ರಾವ್ ತೆರೆದ ಸೆಲೆಕ್ಟ್ ಪುಸ್ತಕದಂಗಡಿಗೆ ಸರ್ ಸಿ.ವಿ. ರಾಮನ್ ಬರುತ್ತಿದ್ದರು. ಮುಂದೆ ಅದನ್ನು ನಡೆಸಿದ ಮಗ ಕೆ.ಕೆ.ಎಸ್. ಮೂರ್ತಿ ಓದಿದ್ದು ವಿಮಾನ ಎಂಜಿನಿಯರಿಂಗ್. ಎಂ.ಜಿ. ರಸ್ತೆಯ ಪಾದಚಾರಿ ಹಾದಿಯಲ್ಲಿ ಹಳೆ ಪುಸ್ತಕ ಹರಡಿಕೊಂಡು ಕುಳಿತ ಮಾಯಿಗೌಡರೂ ಎಂಜಿನಿಯರಿಂಗ್ ವಿದ್ಯಾರ್ಥಿಯೇ. ಅವರು ಚರ್ಚ್ ಸ್ಟ್ರೀಟಿನಲ್ಲಿ ಕಟ್ಟಿದ ಬ್ಲಾಸಂ ಇಂದು ಹೊರ ಊರಿನವರೂ ಹುಡುಕಿಕೊಂಡು ಬರುವ ಮಳಿಗೆ. ಬೇರೆ ನಗರಗಳ ಹಳೆ ಪುಸ್ತಕ ಪೇಟೆಗಳಿಗೆ ಇಷ್ಟು ಅದೃಷ್ಟವಿರಲಿಲ್ಲ. ಮದರಾಸಿನ ಮೂರ್ ಮಾರುಕಟ್ಟೆ 1985ರಲ್ಲಿ ಬೆಂಕಿಗೆ ಆಹುತಿಯಾಯಿತು. ದೆಹಲಿಯ ದರಿಯಾಗಂಜ್ ಭಾನುವಾರ ಸಂತೆಯನ್ನು 2019ರಲ್ಲಿ ರಸ್ತೆ ಬದಿಯಿಂದ ಎಬ್ಬಿಸಿ, ಬೇರೆ ಆವರಣಕ್ಕೆ ಕಳಿಸಲಾಯಿತು.

ಈಗ ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಅಂಗಡಿಯವರಿಗೆ ಇದರಿಂದ ಒಂದಿಷ್ಟು ಗಿರಾಕಿ ಕಡಿಮೆಯಾದದ್ದು ನಿಜ. ಆದರೆ ಸ್ಕ್ಯಾನ್ ಮಾಡಲೂ ಯಾರೋ ಉಳಿಸಿಟ್ಟ ಒಂದು ಪ್ರತಿ ಬೇಕು.

ಮಧ್ಯಾಹ್ನ ಬಿಸಿಲಿಗೆ ಪುಸ್ತಕ ಒಡ್ಡುವುದು, ಬೇವಿನೆಲೆ, ನುಸಿಗುಳಿಗೆ ಇಡುವುದು, ಕಿತ್ತ ಬೆನ್ನಿಗೆ ಗೋಂದು ಹಚ್ಚುವುದು. ಸಂಜೆ ಚೌಕಾಸಿಯ ಹೊತ್ತು. ‘ಹಳೇ ಪುಸ್ತಕಕ್ಕೆ ಇಷ್ಟೊಂದಾ ಸಾರ್?’ ಎಂಬ ಮಾತಿಗೆ ಉತ್ತರ ಕೊಟ್ಟೂ ಕೊಟ್ಟೂ ಅಂಗಡಿಯವರು ಸುಮ್ಮನೆ ನಗುವುದನ್ನು ಕಲಿತಿರುತ್ತಾರೆ. ಬಾಡಿಗೆ, ಕರೆಂಟು, ಹುಡುಗನ ಸಂಬಳ ಕಳೆದು ಉಳಿದದ್ದನ್ನು ಎಣಿಸುವ ಹೊತ್ತಿಗೆ ಗುಜರಿಯವನು ಬೆಳಗಿನ ದೊಡ್ಡ ಪಾಲನ್ನು ಒಯ್ಯಲು ಮತ್ತೆ ಬರುತ್ತಾನೆ. ಚೀಲದ ಬಾಯಿ ಕಟ್ಟುವ ಮುನ್ನ ಅಂಗಡಿಯವರು ಇನ್ನೊಮ್ಮೆ ಕೈ ಹಾಕಿ ಕೆದಕುತ್ತಾರೆ. ಹದಿನಾರು ಪುಟಗಳ ಹಾಡಿನ ಪುಸ್ತಿಕೆಯೊಂದು ಕೈಗೆ ಸಿಕ್ಕರೆ ಅದನ್ನು ಎಳೆದು ಮೇಜಿನ ಮೇಲಿಡುತ್ತಾರೆ, ಚೀಲ ತಕ್ಕಡಿಗೇರುತ್ತದೆ.