ಮೂರನೆಯ ತಂತಿ

ಕಲಾ ವಿಭಾಗದ ವಿದ್ಯಾರ್ಥಿಗೆ ವಿದ್ಯುತ್ ತಂತಿಗಳ ಗೊಡವೆ ಏಕೆಂದು ವಾಚಕ ಮಹಾಶಯರು ಕೇಳಬಹುದು. ಇಸ್ತ್ರಿಪೆಟ್ಟಿಗೆಯನ್ನು ಮುಟ್ಟುವ ಕೈ ಕಲೆಯದೋ ವಿಜ್ಞಾನದ್ದೋ ಎಂದು ವಿದ್ಯುತ್ತು ವಿಚಾರಿಸುವುದಿಲ್ಲವೆಂಬುದೇ ನನ್ನ ಉತ್ತರ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಈಗ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು ಇಳಿಸಿ, ಮೂರು ಫೇಸು, ಒಂದು ನ್ಯೂಟ್ರಲ್, ಹೀಗೆ ನಾಲ್ಕು ತಂತಿಗಳಲ್ಲಿ ಹಂಚುತ್ತದೆ. ಒಂದು ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟು. ನ್ಯೂಟ್ರಲನ್ನು ಟ್ರಾನ್ಸ್‌ಫಾರ್ಮರಿನ ಬಳಿಯಲ್ಲೇ ಭೂಮಿಗೆ ಸೇರಿಸಿರುತ್ತಾರೆ. ಆದುದರಿಂದ ನೆಲದ ಮೇಲೆ ನಿಂತು ಫೇಸನ್ನು ಮುಟ್ಟಿದವನ ದೇಹವೇ ವಿದ್ಯುತ್ತು ಹಿಂದಿರುಗುವ ದಾರಿಯಾಗುತ್ತದೆ.

ಇಸ್ತ್ರಿಪೆಟ್ಟಿಗೆಯೊಳಗಿನ ಫೇಸ್ ತಂತಿ ಸವೆದು ಲೋಹದ ಮೈಗೆ ತಾಗಿತೆನ್ನೋಣ. ಆಗ ನಮ್ಮನ್ನು ಕಾಯುವುದು ಮೂರನೆಯ ತಂತಿ, ಅಂದರೆ ಅರ್ಥ್. ಅದನ್ನು ಜೋಡಿಸುವ ಕ್ರಮಗಳು ಮುಖ್ಯವಾಗಿ ಎರಡು.

ಮೊದಲನೆಯದರಲ್ಲಿ ಮನೆಯ ಪಕ್ಕ ಗುಂಡಿ ತೋಡಿ, ಕೊಳವೆ ನೆಟ್ಟು, ಇದ್ದಿಲು ಉಪ್ಪು ತುಂಬಿ, ತಂತಿಯನ್ನು ಅದಕ್ಕೆ ಕಟ್ಟುತ್ತಾರೆ. ನಮ್ಮ ಮನೆಯ ಗುಂಡಿಗೆ ಬೇಸಗೆಯಲ್ಲಿ ನೀರೆರೆಯುವುದು ನನ್ನ ಪಾಲಿನ ಕೆಲಸ. ಒಣಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಯ್ಯದು. ಗುಂಡಿಯ ತಡೆ 20 ಓಮ್, ಟ್ರಾನ್ಸ್‌ಫಾರ್ಮರಿನ ಕಡೆಯದು 3 ಓಮ್ ಎಂದಿಟ್ಟುಕೊಳ್ಳಿ. 230ನ್ನು 23ರಿಂದ ಭಾಗಿಸಿದರೆ ಹರಿಯುವುದು 10 ಆಂಪಿಯರ್. 15 ಆಂಪಿಯರಿನ ಫ್ಯೂಸು ಇದಕ್ಕೆ ಜಗ್ಗದು. ಪೆಟ್ಟಿಗೆಯ ಮೈಮೇಲೆ 200 ವೋಲ್ಟು ಹೊಂಚುಹಾಕಿ ಕುಳಿತಿರುತ್ತದೆ!

ಎರಡನೆಯದರಲ್ಲಿ ಆ ತಂತಿಯನ್ನು ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲಿಗೇ ಲೋಹದ ಮಾರ್ಗವಾಗಿ ಸೇರಿಸುತ್ತಾರೆ. ಇಡೀ ದಾರಿಯ ತಡೆ 1 ಓಮ್ ಆದರೂ 230 ಆಂಪಿಯರ್ ನುಗ್ಗಿ, ಫ್ಯೂಸು ಕ್ಷಣದಲ್ಲಿ ಕರಗುತ್ತದೆ. ಆದರೆ ಖರ್ಚು ಉಳಿಸಲು ಒಂದೇ ತಂತಿಯನ್ನು ನ್ಯೂಟ್ರಲಾಗಿಯೂ ಅರ್ಥಾಗಿಯೂ ಬಳಸಿದಲ್ಲಿ, ಅದು ಗಾಳಿಮಳೆಗೆ ಕಡಿದರೆ, ಕೆಡದ ಉಪಕರಣಗಳ ಮೈಗೂ ವಿದ್ಯುತ್ತು ಏರಬಹುದು.

ಇನ್ನೊಂದು ಕ್ರಮವೂ ಉಂಟು. ಶಸ್ತ್ರಚಿಕಿತ್ಸೆಯ ಕೊಠಡಿಗಳಲ್ಲಿ ಪ್ರತ್ಯೇಕ ಟ್ರಾನ್ಸ್‌ಫಾರ್ಮರನ್ನಿಟ್ಟು, ಅದರಿಂದ ಹೊರಡುವ ಯಾವ ತಂತಿಯನ್ನೂ ಭೂಮಿಗೆ ಸೇರಿಸದೆ ಬಿಡುವುದುಂಟು. ಮೊದಲ ದೋಷಕ್ಕೆ ಎಚ್ಚರಿಕೆಯ ಗಂಟೆ ಮಾತ್ರ ಬಾರಿಸುತ್ತದೆ. ಏಕೆಂದರೆ ಅಲ್ಲಿ ವಿದ್ಯುತ್ತು ನಿಲ್ಲುವುದೇ ಪ್ರಾಣಾಪಾಯ.

ಹಾಗಾದರೆ ನಮಗೆ ಯಾವುದು ಲೇಸು? ಗುಂಡಿಯ ಕ್ರಮವೇ ಇರಲಿ, ಅದರ ಜೊತೆಗೆ ಸೋರಿಕೆಯನ್ನು ಹಿಡಿಯುವ ಸ್ವಿಚ್ಚೊಂದಿರಲಿ ಎಂಬುದು ನನ್ನ ಮತ. ಈ ಸ್ವಿಚ್ಚು ಹೋದ ವಿದ್ಯುತ್ತನ್ನೂ ಹಿಂದಿರುಗಿದುದನ್ನೂ ತೂಗಿ ನೋಡಿ, 30 ಮಿಲಿಆಂಪಿಯರ್ ಸೋರಿದರೂ ಸಂಪರ್ಕವನ್ನು ಕಡಿಯುತ್ತದೆ. ಗುಂಡಿಯ ಬಡತನವನ್ನು ಅದು ತುಂಬಿಕೊಡುತ್ತದೆ.

ಪ್ಲಗ್ಗಿನ ಮೂರನೆಯ ಕಡ್ಡಿ ಉಳಿದೆರಡಕ್ಕಿಂತ ದಪ್ಪ, ಉದ್ದ. ಅದು ಮೊದಲು ಕೂಡಿ ಕಡೆಗೆ ಬಿಡಲೆಂದೇ ಹಾಗಿದೆ. ಅದನ್ನು ಮುರಿದು, ಬರಿಯ ಎರಡು ತಂತಿಗಳನ್ನು ಬೆಂಕಿಕಡ್ಡಿಯಿಂದ ಸಿಕ್ಕಿಸುವ ವಿದ್ಯಾರ್ಥಿನಿಲಯದ ಮಿತ್ರರೇ, ಮೂರನೆಯ ತಂತಿಯ ಜಾಗದಲ್ಲಿ ಆಗ ಯಾರು ನಿಂತಿರುತ್ತಾರೆಂದು ಯೋಚಿಸಿ.