ತೊಟ್ಟಿಯ ನೀರಿಗೆ ಎಂಥ ಪಂಪು?

ಕಾಸರಗೋಡಿನ ತೋಟಗಾರ ಬಂಧುಗಳಿಗೆ ಸುರಂಗದ ನೀರಿನ ಬೆಲೆಯನ್ನು ನಾವು ಹೇಳಿಕೊಡಬೇಕಾಗಿಲ್ಲ. ಮುರಕಲ್ಲಿನ ಗುಡ್ಡದೊಳಗಿಂದ ಸಣ್ಣಗೆ ಇಳಿದು, ರಾತ್ರಿಯಿಡೀ ತೊಟ್ಟಿಯಲ್ಲಿ ಕೂಡಿದ ನೀರು ಅದು. ತೋಟವು ತೊಟ್ಟಿಗಿಂತ ಸಾಕಷ್ಟು ತಗ್ಗಿನಲ್ಲಿದ್ದರೆ ಪಂಪಿನ ಗೊಡವೆಯೇ ಬೇಡ, ಕೊಳವೆ ಸಾಕು. ಮರಗಳು ಮೇಲಿದ್ದರೆ ಮಾತ್ರ ಚಿಂತೆ.

ದೊಡ್ಡದೇ ಇರಲೆಂದು ನಾವು ಮೊದಲು 3 ಅಶ್ವಶಕ್ತಿಯದನ್ನು ತಂದೆವು. ಅರ್ಧ ಗಂಟೆಯಲ್ಲಿ ತೊಟ್ಟಿ ಬರಿದು! ನೀರಿಲ್ಲದೆ ತಿರುಗಿದ ಪಂಪಿನ ಸೀಲು ಸುಟ್ಟುಹೋಯಿತು. ತಪ್ಪು ಪಂಪಿನದಲ್ಲ, ಲೆಕ್ಕ ಹಾಕದ ನಮ್ಮದು.

ಹನಿ ನೀರಾವರಿಯಲ್ಲಿ ಫಲ ಕೊಡುವ ಅಡಕೆ ಮರಕ್ಕೆ ಬೇಸಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರು ಬೇಕು. ತಲಾ 18ರಂತೆ 300 ಮರಕ್ಕೆ 5400 ಲೀಟರು. ಒಂದೂವರೆ ಗಂಟೆಯಲ್ಲಿ ಮುಗಿಸುವುದಾದರೆ ಸೆಕೆಂಡಿಗೆ 1 ಲೀಟರಾಯಿತು. ಏರು 10 ಮೀಟರು, ಹನಿ ಬೀಳಲು ಬೇಕಾದ ಒತ್ತಡಕ್ಕೆ ಇನ್ನು 10, ಕೊಳವೆಯೊಳಗಿನ ಘರ್ಷಣೆಗೆ 5 ಎಂದಿಟ್ಟರೆ ಒಟ್ಟು 25 ಮೀಟರು. 25ನ್ನು 75ರಿಂದ ಭಾಗಿಸಿ: ಅಶ್ವಶಕ್ತಿಯ ಮೂರನೆಯ ಒಂದು ಪಾಲು. ಸಣ್ಣ ಪಂಪುಗಳು ತಿಂದ ಶಕ್ತಿಯಲ್ಲಿ ಅರ್ಧವನ್ನೂ ನೀರಿಗೆ ಮುಟ್ಟಿಸುವುದಿಲ್ಲವಾದ್ದರಿಂದ 1 ಅಶ್ವಶಕ್ತಿಯದು ಯೋಗ್ಯ.

ಅಂಗಡಿಯಲ್ಲಿ “ಗರಿಷ್ಠ ಎತ್ತರ” ತೋರಿಸಿ ಮರುಳು ಮಾಡುವುದುಂಟು. ಆ ಎತ್ತರಕ್ಕೆ ತೊಟ್ಟು ನೀರೂ ಹೊರಬೀಳದು. 25 ಮೀಟರಿನಲ್ಲಿ ಗಂಟೆಗೆ 3600 ಲೀಟರು ಬರುವುದೇ ಎಂದು ಕೇಳಿರಿ. ಪಂಪನ್ನು ತೊಟ್ಟಿಯ ಹೊರಗೆ, ಬುಡದ ಮಟ್ಟದಲ್ಲಿ ಕೂರಿಸಿದರೆ ನೀರು ತಾನಾಗಿ ಒಳಗಿಳಿಯುತ್ತದೆ. ದಿನಾ ಬೆಳಿಗ್ಗೆ ಕೊಡದಿಂದ ನೀರು ತುಂಬುವ ಕೆಲಸ ತಪ್ಪುತ್ತದೆ.