ಒಂದು ರಾತ್ರಿ, ಒಂದು ಹಗಲು: ಮಾರಿಯಾ ಕೊಟ್ಟ ಗಡುವು ಅಷ್ಟೇ!

ಡೊಮಿನಿಕಾ. ಈ ಹೆಸರು ಕೇಳಿದ್ದೀರಾ? ಕ್ರಿಕೆಟ್ ನೋಡೋರಿಗೆ ಗೊತ್ತಿರುತ್ತೆ. 2023ರಲ್ಲಿ ಯಶಸ್ವಿ ಜೈಸ್ವಾಲ್ ಮೊದಲ ಟೆಸ್ಟ್‌ನಲ್ಲೇ ಶತಕ ಹೊಡೆದರಲ್ಲ, ಆ ರೋಸೋ ಊರು ಇರೋದು ಇಲ್ಲೇ. ಕೆರಿಬಿಯನ್ ಸಮುದ್ರದ ಅಂಚಿನಲ್ಲಿರೋ ಪುಟ್ಟ ದ್ವೀಪ ದೇಶ. ವಿಸ್ತೀರ್ಣ ಹೆಚ್ಚು ಕಡಿಮೆ ನಮ್ಮ ಬೆಂಗಳೂರು ನಗರದಷ್ಟು. ಜನಸಂಖ್ಯೆ ಮಾತ್ರ ಸುಮಾರು 70 ಸಾವಿರ.

2017ರ ಸೆಪ್ಟೆಂಬರ್ 17, ಭಾನುವಾರ ಸಂಜೆ. ಈ ದ್ವೀಪದ ಪೂರ್ವಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ ಮಾರಿಯಾ ಅನ್ನೋ ಬಿರುಗಾಳಿ ಆಗಷ್ಟೇ ಚಂಡಮಾರುತದ ದರ್ಜೆಗೆ ಏರಿತ್ತು. ಗಾಳಿಯ ವೇಗ ಗಂಟೆಗೆ 120 ಕಿಲೋಮೀಟರ್. ಅಂದರೆ ಕೆಟಗರಿ 1, ಕೆಳಗಿನ ಮೆಟ್ಟಿಲು. ಮರುದಿನ, ಸೋಮವಾರ ರಾತ್ರಿ ಸುಮಾರು ಒಂಬತ್ತೂಕಾಲಕ್ಕೆ ಅದೇ ಮಾರಿಯಾ ಡೊಮಿನಿಕಾಗೆ ಅಪ್ಪಳಿಸಿದಾಗ ವೇಗ ಎಷ್ಟಿತ್ತು ಗೊತ್ತಾ? ಸುಮಾರು 270 ಕಿಲೋಮೀಟರ್! ಕೆಟಗರಿ 5. ಅದರ ಮೇಲೆ ಇನ್ನೊಂದು ಮೆಟ್ಟಿಲೇ ಇಲ್ಲ.

ವೇಗ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಯ್ತು, ಅಷ್ಟೇ ತಾನೇ ಅಂದುಕೊಳ್ಳಬೇಡಿ. ಗಾಳಿ ಗೋಡೆಯನ್ನು ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಹಾಗಾಗಿ ಭಾನುವಾರದ ಮಾರಿಯಾಗೂ ಸೋಮವಾರದ ಮಾರಿಯಾಗೂ ಬಲದಲ್ಲಿ ಐದು ಪಟ್ಟು ವ್ಯತ್ಯಾಸ!

ಹಾಗಾದರೆ ಒಂದೇ ದಿನದಲ್ಲಿ ಇಷ್ಟು ಶಕ್ತಿ ಬಂದದ್ದು ಎಲ್ಲಿಂದ? ಸಮುದ್ರದಿಂದ. ಬಿಸಿ ನೀರು ಆವಿಯಾಗಿ ಮೇಲೇರುತ್ತೆ, ಮೇಲೆ ಹೋಗಿ ತಣಿದು ಮೋಡವಾಗುತ್ತೆ. ಆವಿ ಮತ್ತೆ ನೀರಾಗುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತೆ. ಆ ಶಾಖದಿಂದ ಗಾಳಿ ಇನ್ನಷ್ಟು ಮೇಲೇರುತ್ತೆ, ಕೆಳಗೆ ಒತ್ತಡ ಕುಸಿಯುತ್ತೆ, ಸುತ್ತಲ ಗಾಳಿ ಆ ಜಾಗಕ್ಕೆ ಸುತ್ತುತ್ತಾ ನುಗ್ಗುತ್ತೆ. ನುಗ್ಗುವ ಗಾಳಿ ಮತ್ತಷ್ಟು ಆವಿಯನ್ನು ಹೊತ್ತು ತರುತ್ತೆ. ತಿದಿ ಒತ್ತಿದಷ್ಟೂ ಕುಲುಮೆ ಕೆಂಪಾಗುತ್ತಲ್ಲ, ಹಾಗೆ.

ಆದರೆ ಇದಕ್ಕೆ ಎರಡು ಷರತ್ತು. ಒಂದು, ಸಮುದ್ರದ ನೀರು 26-27 ಡಿಗ್ರಿಗಿಂತ ಬಿಸಿ ಇರಬೇಕು. ಎರಡು, ಕೆಳಗಿನ ಗಾಳಿ ಒಂದು ಕಡೆ, ಮೇಲಿನ ಗಾಳಿ ಇನ್ನೊಂದು ಕಡೆ ಎಳೆದಾಡಬಾರದು. ಎಳೆದಾಡಿದರೆ ಸುಳಿ ಹರಿದುಹೋಗುತ್ತೆ. ಮಾರಿಯಾಗೆ ಈ ಎರಡೂ ಅನುಕೂಲವಾಗಿದ್ದವು. 24 ಗಂಟೆಯಲ್ಲಿ ವೇಗ 55 ಕಿಲೋಮೀಟರ್‌ನಷ್ಟು ಏರಿದರೇ ಅದನ್ನು ಕ್ಷಿಪ್ರ ಬಲವರ್ಧನೆ ಅಂತಾರೆ. ಮಾರಿಯಾ ಅದರ ಎರಡರಷ್ಟನ್ನೂ ದಾಟಿತ್ತು. ಚಂಡಮಾರುತ ಎಲ್ಲಿಗೆ ಹೋಗುತ್ತೆ ಅಂತ ಹೇಳೋದು ಈಗ ಎಷ್ಟೋ ಸುಲಭ. ಎಷ್ಟು ಬಲಗೊಳ್ಳುತ್ತೆ ಅಂತ ಹೇಳೋದು ಇವತ್ತಿಗೂ ಕಷ್ಟ. ಮಾರಿಯಾ ಬಲಗೊಳ್ಳುತ್ತೆ ಅನ್ನೋ ಎಚ್ಚರಿಕೆ ಇತ್ತು. ಆದರೆ ಅದು ಬಲಗೊಂಡ ವೇಗ ಮುನ್ಸೂಚನೆಯ ಲೆಕ್ಕವನ್ನೂ ಮೀರಿತ್ತು.

ಇನ್ನು ದ್ವೀಪದ ಜನ ಓಡುವುದಾದರೂ ಎಲ್ಲಿಗೆ? ನಮ್ಮಲ್ಲಾದರೆ ಕರಾವಳಿಯಿಂದ ಘಟ್ಟ ಹತ್ತಿ ಬರಬಹುದು. ಅಲ್ಲಿ ನಾಲ್ಕೂ ಕಡೆ ಸಮುದ್ರ. ಆ ರಾತ್ರಿ ಡೊಮಿನಿಕಾ ಪ್ರಧಾನಿ ರೂಸ್‌ವೆಲ್ಟ್ ಸ್ಕೆರಿಟ್ ಅವರ ಮನೆಯ ಛಾವಣಿಯೇ ಹಾರಿಹೋಯ್ತು. ಅವರೇ ಅದನ್ನು ಫೇಸ್‌ಬುಕ್‌ನಲ್ಲಿ ಬರೆದರು. ಪ್ರಧಾನಿಗೇ ಈ ಗತಿ ಅಂದರೆ ತಗಡಿನ ಮನೆಯವರ ಪಾಡೇನು? ಬೆಳಗಾಗುವಷ್ಟರಲ್ಲಿ ಹಸಿರು ದ್ವೀಪ ಎಲೆಯಿಲ್ಲದೆ ಕಂದು ಬಣ್ಣಕ್ಕೆ ತಿರುಗಿತ್ತು. ಸತ್ತವರು, ಕಾಣೆಯಾದವರು ಸೇರಿ 65 ಮಂದಿ. ನಷ್ಟ ಆ ದೇಶದ ಇಡೀ ವರ್ಷದ ಜಿಡಿಪಿಯ ಎರಡು ಪಟ್ಟಿಗೂ ಹೆಚ್ಚು!

ಅಲ್ಲಿಂದ ಮಾರಿಯಾ ಹೊರಟಿದ್ದು ಅಮೆರಿಕದ ಆಡಳಿತದಲ್ಲಿರುವ ಪೋರ್ಟೊ ರಿಕೊ ದ್ವೀಪದ ಕಡೆಗೆ. ದಾರಿಯಲ್ಲಿ ಅದರ ಕಣ್ಣಿನ ಸುತ್ತ ಹೊಸದೊಂದು ದೊಡ್ಡ ಗೋಡೆ ಎದ್ದು, ಹಳೆಯದು ಕುಗ್ಗಿತು. ವೇಗ 250ಕ್ಕೆ ಇಳಿದು ಕೆಟಗರಿ 4 ಆಯ್ತು. ಟೀವಿ ಪರದೆ ಮೇಲೆ ‘5ರಿಂದ 4ಕ್ಕೆ ಇಳಿಕೆ’ ಅಂತ ಕಂಡರೆ ನೋಡೋರಿಗೆ ಸಮಾಧಾನ ಆಗುತ್ತೆ. ಆದರೆ ಅಸಲಿಗೆ ಜೋರು ಗಾಳಿ ಇನ್ನೂ ದೊಡ್ಡ ಪ್ರದೇಶಕ್ಕೆ ಹರಡಿತ್ತು. ಕೆಟಗರಿ ಅಳೆಯೋದು ಗಾಳಿಯ ವೇಗವನ್ನು ಮಾತ್ರ. ಮಳೆ, ಉಕ್ಕುವ ಸಮುದ್ರ, ಕುಸಿಯುವ ಗುಡ್ಡ, ಇದ್ಯಾವುದೂ ಆ ಅಂಕಿಯಲ್ಲಿ ಇಲ್ಲ.

ಸೆಪ್ಟೆಂಬರ್ 20ರ ಬೆಳಗ್ಗೆ ಇಡೀ ಪೋರ್ಟೊ ರಿಕೊ ಕತ್ತಲಾಯ್ತು. ವಿದ್ಯುತ್ ತಯಾರಾಗೋದು ಹೆಚ್ಚಾಗಿ ದಕ್ಷಿಣದಲ್ಲಿ, ಬೇಕಿರೋದು ಹೆಚ್ಚಾಗಿ ಉತ್ತರದಲ್ಲಿ. ನಡುವೆ ಗುಡ್ಡ ಹತ್ತಿ ಇಳಿಯುವ ತಂತಿಗಳು. ಎರಡು ವಾರದ ಹಿಂದಷ್ಟೇ ಇರ್ಮಾ ಚಂಡಮಾರುತದ ಪೆಟ್ಟು ತಿಂದಿದ್ದ ಆ ಜಾಲ ಪೂರ್ತಿ ನೆಲಕಚ್ಚಿತು. ಕೊನೆಯ ಮನೆಗಳಿಗೆ ಕರೆಂಟ್ ಬರೋಕೆ ಹನ್ನೊಂದು ತಿಂಗಳು ಹಿಡೀತು.

ಈಗ ಸಾವಿನ ಲೆಕ್ಕಕ್ಕೆ ಬನ್ನಿ. ಸರ್ಕಾರ ಮೊದಲು ಹೇಳಿದ್ದು 64. ಮರುವರ್ಷ ಆಗಸ್ಟ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನ ಕೊಟ್ಟ ಅಂದಾಜು 2,975! ಮಾಮೂಲಿ ದಿನಗಳಲ್ಲಿ ಆಗುತ್ತಿದ್ದ ಸಾವುಗಳಿಗಿಂತ ಆ ಆರು ತಿಂಗಳಲ್ಲಿ ಹೆಚ್ಚಾದ ಸಾವುಗಳ ಲೆಕ್ಕ ಇದು. ಹೆಚ್ಚು ಸತ್ತವರು ಬಡವರು, ವಯಸ್ಸಾದವರು. ಕರೆಂಟಿಲ್ಲದೆ ಡಯಾಲಿಸಿಸ್ ಎಲ್ಲಿ? ಆಕ್ಸಿಜನ್ ಯಂತ್ರ ಎಲ್ಲಿ? ರಸ್ತೆಯೇ ಇಲ್ಲದೆ ಆಸ್ಪತ್ರೆ ಎಲ್ಲಿ?

ಇದು ದೂರದ ದ್ವೀಪದ ಕಥೆ ಅಂತ ಪಕ್ಕಕ್ಕಿಡೋ ಹಾಗಿಲ್ಲ ವೀಕ್ಷಕರೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಮಂಗಳೂರು, ಉಡುಪಿ, ಕಾರವಾರದ ಎದುರಿನ ಅರಬ್ಬಿ ಸಮುದ್ರದಲ್ಲೇ ಬಲಗೊಳ್ಳುತ್ತಾ ಗುಜರಾತಿಗೆ ಹೋಗಿ ಅಪ್ಪಳಿಸಿತು. ಮುಂದಿನ ಸಲ ಎಚ್ಚರಿಕೆ ಬಂದಾಗ ಗಾಳಿಯ ವೇಗ ಎಷ್ಟು ಅಂತ ಕೇಳಿ, ತಪ್ಪಲ್ಲ. ಜೊತೆಗೆ ಇನ್ನೊಂದನ್ನೂ ಕೇಳಿ. ನಮ್ಮ ತಾಲ್ಲೂಕು ಆಸ್ಪತ್ರೆಯ ಜನರೇಟರ್‌ಗೆ ಡೀಸೆಲ್ ಎಷ್ಟು ದಿನಕ್ಕಿದೆ? ಅದಕ್ಕೆ ಉತ್ತರ ಬಿರುಗಾಳಿ ಬರೋಕೆ ಮುಂಚೆಯೇ ಬೇಕು.